ಇಲ್ಲೊಂದು ಕಸುಬಿನ ಶಾಲೆ ಇತ್ತು ಅಂತ ಕಲ್ಲು ನೆಡೋದು ಹೇಗೆ?

ನಮ್ಮ ಮನೆಯಲ್ಲಿ ಒಂದು ಮರದ ಸ್ಟೂಲ್ ಇದೆ. ತಲೆಕೆಳಗೆ ಮಾಡಿದರೆ ಹಲಗೆಯ ಅಡಿಯಲ್ಲಿ ಉಳಿಯಿಂದ ಕೊರೆದ 17 ಕಾಣುತ್ತದೆ. ಅದು ನಮ್ಮ ದೊಡ್ಡಪ್ಪನ ರೋಲ್ ನಂಬರ್. ಚಿಂತಾಮಣಿ ಕಡೆಯ ನಮ್ಮೂರಿನಲ್ಲಿ ಹಿಂದೆ ಒಂದು ಕಸುಬಿನ ಶಾಲೆ ಇತ್ತು, ಅಲ್ಲಿ ಪರೀಕ್ಷೆಗೆ ಅಂತ ಅವರು ಮಾಡಿದ ಸ್ಟೂಲು ಇದು. ಒಂದು ಮೊಳೆಯೂ ಇಲ್ಲ. ಕಾಲಿನ ತುದಿ ಹಲಗೆಯ ತೂತಿನೊಳಗೆ ಬಿಗಿಯಾಗಿ ಕೂತಿದೆ ಅಷ್ಟೇ. ಇವತ್ತಿಗೂ ಅಲ್ಲಾಡಲ್ಲ.

ಶಾಲೆ ಮಾತ್ರ ಇಲ್ಲ. ಹೆಂಚಿನ ಶೆಡ್ಡು ಕೆಡವಿ ಎಷ್ಟೋ ವರ್ಷ ಆಯಿತು, ಆ ಜಾಗದಲ್ಲಿ ಈಗ ಮಳಿಗೆಗಳಿವೆ. ಈ ವರ್ಷ ಹಳೇ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಯಾರೋ ಒಬ್ಬರು "ಅಲ್ಲೊಂದು ಸ್ಮಾರಕ ಮಾಡೋಣ" ಅಂದರು. ಎಲ್ಲರೂ ಕೈ ಮುಗಿಯೋ ಗೊಂಬೆ ಹಾಕಿದರು. ಮಾರನೇ ದಿನದಿಂದ ಪ್ರಶ್ನೆಗಳು ಶುರು. ಸ್ಮಾರಕ ಮಾಡಿದರೆ ಸರ್ಕಾರ ಜಾಗ ವಶಕ್ಕೆ ತಗೊಳ್ಳುತ್ತಾ? ಪುರಾತತ್ವ ಇಲಾಖೆಯವರನ್ನು ಕೇಳಬೇಕಾ? ಯಾವ ಕಲ್ಲು? ಯಾರ ಹೆಸರು? ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ನಮ್ಮ ಈ ಮೂರೂ ಜಿಲ್ಲೆಗಳಲ್ಲಿ ಹಳೇ ಶಾಲೆ ಕೆಡವಿದ ಊರುಗಳು ಬೇಕಾದಷ್ಟಿವೆ, ಈ ಪ್ರಶ್ನೆ ನಿಮ್ಮೂರಿಗೂ ಬರಬಹುದು. ಹಾಗಾಗಿ ಮೊದಲಿಂದ ನೋಡೋಣ.

ಸ್ಮಾರಕ ಅನ್ನೋ ಒಂದೇ ಪದ, ಎರಡು ಅರ್ಥ

ಗೊಂದಲ ಹುಟ್ಟೋದೇ ಇಲ್ಲಿ. ಕೋಲಾರದ ಸೋಮೇಶ್ವರ ದೇವಸ್ಥಾನದ ಮುಂದೆ, ನಂದಿಯ ಭೋಗನಂದೀಶ್ವರದ ಮುಂದೆ ಒಂದು ಬೋರ್ಡ್ ಇರುತ್ತದಲ್ಲ, ಸಂರಕ್ಷಿತ ಸ್ಮಾರಕ ಅಂತ, ಅಲ್ಲಿ ಸ್ಮಾರಕ ಅಂದರೆ ಆ ಹಳೇ ಕಟ್ಟಡವೇ. ಹುತಾತ್ಮರ ಸ್ಮಾರಕ, ಯೋಧರ ಸ್ಮಾರಕ ಅನ್ನುವಾಗ ಅರ್ಥ ಬೇರೆ. ನೆನಪಿಗೆ ಅಂತ ಹೊಸದಾಗಿ ಕಟ್ಟಿದ್ದು ಅಂತ.

ಮೊದಲನೆಯದಕ್ಕೆ ಕಾನೂನಿದೆ. 1958ರ ಕೇಂದ್ರ ಕಾಯ್ದೆ, ನಮ್ಮ ರಾಜ್ಯದ್ದು 1961ರದ್ದು. ಕೇಂದ್ರ ಕಾಯ್ದೆ ಪ್ರಕಾರ ಪುರಾತನ ಸ್ಮಾರಕ ಅನ್ನಿಸಿಕೊಳ್ಳೋಕೆ ಕಟ್ಟಡಕ್ಕೋ ಶಾಸನಕ್ಕೋ ಕನಿಷ್ಠ 100 ವರ್ಷ ಆಗಿರಬೇಕು. ವಯಸ್ಸಾದ ಮಾತ್ರಕ್ಕೆ ತಾನಾಗೇ ರಕ್ಷಣೆ ಸಿಗಲ್ಲ, ಸರ್ಕಾರ ಹೆಸರಿಟ್ಟು ಅಧಿಸೂಚನೆ ಹೊರಡಿಸಬೇಕು. ರೇಷನ್ ಕಾರ್ಡ್ ಇದ್ದ ಹಾಗೆ ಅಂದುಕೊಳ್ಳಿ. ಅರ್ಹತೆ ಇರೋದು ಒಂದು, ಪಟ್ಟಿಯಲ್ಲಿ ಹೆಸರು ಬರೋದು ಇನ್ನೊಂದು.

ನಾವು ನೆಡೋ ಕಲ್ಲು ಎರಡನೇ ಜಾತಿಗೆ ಸೇರಿದ್ದು. ಅದಕ್ಕೆ ಈ ಕಾಯ್ದೆಯ ರಕ್ಷಣೆಯೂ ಇಲ್ಲ, ಅದರಿಂದ ಜಾಗ ಸರ್ಕಾರಕ್ಕೆ ಹೋಗೋದೂ ಇಲ್ಲ. ಪಕ್ಕದ ಮಳಿಗೆಯವರು ಹೆದರಬೇಕಾಗಿಲ್ಲ. ಹಾಗೇ ನಾವೂ "ಸ್ಮಾರಕ ಮಾಡಿದ್ದೀವಿ, ಇನ್ನು ಯಾರೂ ಮುಟ್ಟಂಗಿಲ್ಲ" ಅಂತ ಬೀಗೋ ಹಾಗಿಲ್ಲ.

ಕಸುಬಿನ ಶಾಲೆ ಅಂದ್ರೆ ಐಟಿಐನಾ?

ಚಿಕ್ಕವರು ಕೇಳೋ ಪ್ರಶ್ನೆ ಇದು. ಪೂರ್ತಿ ಅದೇ ಅಲ್ಲ. ಇಂಡಸ್ಟ್ರಿಯಲ್ ಸ್ಕೂಲು, ಕೈಗಾರಿಕಾ ಶಾಲೆ, ಕರಕುಶಲ ಶಾಲೆ, ಹೀಗೆ ಹೆಸರು ಒಂದೊಂದು ಕಡೆ ಒಂದೊಂದು. ಒಳಗೆ ನಡೆಯುತ್ತಿದ್ದದ್ದು ಹೆಚ್ಚುಕಮ್ಮಿ ಒಂದೇ. ಮರಗೆಲಸ, ಕಮ್ಮಾರಿಕೆ, ನೇಯ್ಗೆ, ಬೆತ್ತದ ಕೆಲಸ, ಹೊಲಿಗೆ. ಓದು ಸ್ವಲ್ಪ, ಕೈಕೆಲಸ ಜಾಸ್ತಿ.

ಇವು ಬಂದಿದ್ದು ಒಂದೇ ದಾರಿಯಲ್ಲಲ್ಲ. 1876ರಿಂದ 78ರವರೆಗೆ ಮೈಸೂರು ಸೀಮೆಯನ್ನು ಒಂದು ಭೀಕರ ಬರ ಬಡಿಯಿತು. ಧಾತು, ಈಶ್ವರ ಅನ್ನೋ ಎರಡು ಸಂವತ್ಸರಗಳಲ್ಲಿ ಬಂದದ್ದರಿಂದ ಹಿರಿಯರು ಅದನ್ನು ಧಾತು ಈಶ್ವರ ಬರ ಅಂತಲೇ ಕರೆಯೋದು. ಅನಾಥರಾದ ಮಕ್ಕಳನ್ನು ಮಿಷನ್‌ಗಳು ಸಾಕಿದವು. ಸಾಕಿದ ಮೇಲೆ ಆ ಮಕ್ಕಳು ಮುಂದೆ ಬದುಕಬೇಕಲ್ಲ, ಅದಕ್ಕೇ ಬಡಗಿ ಕೆಲಸ, ಹೊಲಿಗೆ ಕಲಿಸಿದವು. ಆಮೇಲೆ ಸಂಸ್ಥಾನದ ಸರ್ಕಾರ ಈ ಕಡೆ ಗಮನ ಕೊಟ್ಟಿತು. ಚಿಕ್ಕಬಳ್ಳಾಪುರದ ಪಕ್ಕದ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು 1912ರಿಂದ 1918ರವರೆಗೆ ದಿವಾನರಾಗಿದ್ದರು. ಕಾರ್ಖಾನೆ ಬೇಕು, ಅದಕ್ಕೆ ಕೆಲಸ ಬಲ್ಲ ಕೈಗಳೂ ಬೇಕು ಅನ್ನೋದು ಅವರ ಲೆಕ್ಕ. ದಿವಾನಗಿರಿ ಬಿಟ್ಟು ಎಷ್ಟೋ ವರ್ಷವಾದ ಮೇಲೂ, 1943ರಲ್ಲಿ, ಅವರ ಮುತುವರ್ಜಿಯಿಂದ ಬೆಂಗಳೂರಿನಲ್ಲಿ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಶುರುವಾಯಿತು. ಈಗ ಕೆ.ಆರ್. ವೃತ್ತದ ಹತ್ತಿರ ಎಸ್‌ಜೆ ಪಾಲಿಟೆಕ್ನಿಕ್ ಅಂತ ಕರೀತಾರಲ್ಲ, ಅದೇ.

ಇನ್ನೊಂದು ದಾರಿ ಗಾಂಧಿಯವರದ್ದು. 1937ರ ವಾರ್ಧಾ ಯೋಜನೆಯಲ್ಲಿ ಎಲ್ಲ ಮಕ್ಕಳೂ ಒಂದು ಕಸುಬಿನ ಮೂಲಕವೇ ಪಾಠ ಕಲಿಯಬೇಕು ಅನ್ನೋ ಯೋಚನೆ ಇತ್ತು. ನೂಲು ತೆಗೆಯುತ್ತಾ ಲೆಕ್ಕ ಕಲಿ ಅನ್ನೋ ಹಾಗೆ. ನಿಮ್ಮ ತಾತ "ಬೇಸಿಕ್ ಸ್ಕೂಲಲ್ಲಿ ತಕಲಿ ತಿರುಗಿಸ್ತಿದ್ವಿ" ಅಂದರೆ ಅದು ಇದರ ಪಳೆಯುಳಿಕೆ.

ಐಟಿಐ ಬಂದಿದ್ದು ಸ್ವಾತಂತ್ರ್ಯದ ನಂತರ. ಕುಶಲಕರ್ಮಿಗಳ ತರಬೇತಿಗೆ ಅಂತ ಕೇಂದ್ರ ಸರ್ಕಾರ 1950ರಲ್ಲಿ ಯೋಜನೆ ತಂದಿತು, ಫಿಟ್ಟರ್, ಟರ್ನರ್, ಎಲೆಕ್ಟ್ರಿಷಿಯನ್ ಅಂತ ದೇಶಕ್ಕೆಲ್ಲ ಒಂದೇ ಥರದ ಟ್ರೇಡುಗಳಾದವು. 1961ರಲ್ಲಿ ಅಪ್ರೆಂಟಿಸ್ ಕಾಯ್ದೆ ಬಂತು. ಮನೆ ಕಟ್ಟೋದನ್ನೇ ನೆನೆಸಿಕೊಳ್ಳಿ. ಗಾರೆ ಹಿಡಿದು ಗೋಡೆ ಎಬ್ಬಿಸೋ ಮೇಸ್ತ್ರಿ ಐಟಿಐ ಕಡೆಯವರು, ಅಳತೆ ನೋಡೋ ಓವರ್‌ಸಿಯರ್ ಮೂರು ವರ್ಷದ ಡಿಪ್ಲೊಮಾ ಮಾಡಿದವರು, ನಕ್ಷೆ ಹಾಕೋ ಎಂಜಿನಿಯರ್ ಡಿಗ್ರಿಯವರು. ಹಳೇ ಕಸುಬಿನ ಶಾಲೆ ಮೇಸ್ತ್ರಿಗಿಂತಲೂ ಒಂದು ಮೆಟ್ಟಿಲು ಹಿಂದಿನದು. ಅಪ್ಪನಿಂದ ಮಗ ಕಲಿಯುತ್ತಿದ್ದ ಕೆಲಸವನ್ನು ಯಾವ ಮನೆಯ ಹುಡುಗನಾದರೂ ಬಂದು ಕಲಿಯಬಹುದು ಅಂದದ್ದು ಈ ಶಾಲೆ. ನಮ್ಮ ದೊಡ್ಡಪ್ಪನ ಮನೆತನದಲ್ಲಿ ಅದಕ್ಕೆ ಮುಂಚೆ ಯಾರೂ ಗರಗಸ ಹಿಡಿದವರಲ್ಲ. ನನಗೆ ಈ ಶಾಲೆಗಳ ದೊಡ್ಡ ಗುಣ ಅನ್ನಿಸೋದು ಇದೇ.

ಐಟಿಐ ಬಂದ ಮೇಲೆ ಇವು ಒಂದೊಂದಾಗಿ ಅದರಲ್ಲಿ ಸೇರಿಹೋದವು, ಇಲ್ಲಾ ಬಾಗಿಲು ಹಾಕಿದವು. ಪ್ಲಾಸ್ಟಿಕ್ ಕುರ್ಚಿ, ಮಿಲ್ ಬಟ್ಟೆ ಉಳಿದದ್ದನ್ನು ಮಾಡಿದವು.

ಕಲ್ಲು ನೆಡೋದು ನಮಗೆ ಹೊಸದೇನಲ್ಲ

ಕೋಲಾರ ಸೀಮೆಯಲ್ಲಿ ಯಾವ ಊರಿಗೆ ಹೋದರೂ ಕೆರೆ ಏರಿ ಮೇಲೋ ಊರ ಬಾಗಿಲಲ್ಲೋ ಒಂದು ವೀರಗಲ್ಲು ಸಿಗುತ್ತದೆ. ದನ ಹೊಡೆದುಕೊಂಡು ಹೋಗುತ್ತಿದ್ದವರನ್ನು ತಡೆಯೋಕೆ ಹೋಗಿ ಸತ್ತವನಿಗೆ ಊರು ನೆಟ್ಟ ಕಲ್ಲು. ಸಾಮಾನ್ಯವಾಗಿ ಮೂರು ಅಂತಸ್ತು. ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಕರೆದುಕೊಂಡು ಹೋಗೋದು, ಮೇಲೆ ಲಿಂಗದ ಮುಂದೆ ಆತ. ಓದು ಬರದವರಿಗೂ ಕಥೆ ತಿಳಿಯುತ್ತದೆ. ನಾಯಿಗೂ ಕಲ್ಲು ಹಾಕಿದ ನಾಡು ಇದು. ಮಂಡ್ಯ ಕಡೆಯ ಆತಕೂರಿನಲ್ಲಿ ಹಂದಿಯ ಜೊತೆ ಹೋರಾಡಿ ಸತ್ತ ಕಾಳಿ ಅನ್ನೋ ನಾಯಿಯ ಕಲ್ಲು ಹತ್ತನೇ ಶತಮಾನದ್ದು, ಈಗ ಬೆಂಗಳೂರಿನ ಮ್ಯೂಸಿಯಂನಲ್ಲಿದೆ.

ಇವನ್ನೆಲ್ಲ ಊರೂರು ಅಲೆದು ಓದಿಸಿ ಅಚ್ಚು ಹಾಕಿಸಿದವರು ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯಲ್ಲಿದ್ದ ಬಿ.ಎಲ್. ರೈಸ್. ಅವರ ಶಾಸನ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ಕೋಲಾರ ಜಿಲ್ಲೆಗೆ 10ನೇ ಸಂಪುಟ, ತುಮಕೂರಿಗೆ 12ನೆಯದು. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆ ಆಗಿದ್ದು 2007ರಲ್ಲಿ ತಾನೆ, ಅದಕ್ಕೇ ಆ ತಾಲ್ಲೂಕುಗಳ ಶಾಸನಗಳನ್ನೂ 10ರಲ್ಲೇ ಹುಡುಕಬೇಕು.

ಕಟ್ಟಡ ಹೋಗಿ ಜಾಗ ಮಾತ್ರ ಉಳಿದಾಗ ಏನು ಮಾಡ್ತಾರೆ ಅನ್ನೋದಕ್ಕೆ ಹತ್ತಿರದಲ್ಲೇ ಎರಡು ಉದಾಹರಣೆ ಇವೆ. ದೇವನಹಳ್ಳಿ ಕೋಟೆಯ ಹತ್ತಿರ ಟಿಪ್ಪು ಹುಟ್ಟಿದ ಜಾಗದಲ್ಲಿ ಈಗ ಮನೆ ಇಲ್ಲ. ಕಂಬಗಳ ಒಂದು ಸಣ್ಣ ಮಂಟಪ, ಅದರಲ್ಲೊಂದು ಬರೆದ ಕಲ್ಲು. ಅಷ್ಟೇ. ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು, ಅಲ್ಲಿ ಹುತಾತ್ಮರ ಸ್ಮಾರಕ ಇದೆ. ಎರಡು ಕಡೆಯೂ ನೋಡೋಕೆ ಹೋಗೋದು ಕಟ್ಟಡವನ್ನಲ್ಲ. "ಇಲ್ಲೇ" ಅನ್ನೋ ಮಾತಿಗಾಗಿ ಹೋಗೋದು.

ಕಲ್ಲೇ ಬೇಕಿಲ್ಲದ ಜಾಗಗಳೂ ಇವೆ ಅನ್ನಿ. ಚಿನ್ನದ ಗಣಿ 2001ರಲ್ಲಿ ಮುಚ್ಚಿತು, ಕೆಜಿಎಫ್‌ನ ಸೈನೈಡ್ ದಿಬ್ಬಗಳು ಮಾತ್ರ ದೂರದಿಂದಲೇ ಎಲ್ಲ ಹೇಳಿಬಿಡುತ್ತವೆ. ನಮ್ಮ ಹೆಂಚಿನ ಶೆಡ್ಡಿಗೆ ಆ ಭಾಗ್ಯ ಇಲ್ಲ.

ಸರಿಯಾಗಿ ಎಲ್ಲಿತ್ತು? ಯಾವಾಗ ಇತ್ತು?

ಇದಕ್ಕೇ ಹೆಚ್ಚು ಕಾಲ ಹಿಡಿಯೋದು. ನಮ್ಮ ಗುಂಪಿನಲ್ಲಿ ಒಬ್ಬರು ಶಾಲೆ ಬಾಗಿಲು ಸಂತೆ ಮೈದಾನದ ಕಡೆಗಿತ್ತು ಅಂದರೆ ಇನ್ನೊಬ್ಬರು ಕೆರೆ ಕಡೆಗೆ ಅಂದರು. ಇಬ್ಬರೂ ಅಲ್ಲೇ ಓದಿದವರು, ಇಬ್ಬರೂ ಆಣೆ ಮಾಡೋಕೆ ತಯಾರು.

ನೆನಪನ್ನು ಕಾಗದದ ಪಕ್ಕ ಇಟ್ಟು ನೋಡಬೇಕು. ಮೊದಲು ಜಾಗಕ್ಕೆ ಹೋಗಿ ನಿಂತು ಫೋನಿನಲ್ಲಿ ದಿಶಾಂಕ್ ಆ್ಯಪ್ ತೆರೆಯಿರಿ, ನೀವು ನಿಂತಿರೋ ಸರ್ವೆ ನಂಬರ್ ತೋರಿಸುತ್ತದೆ. ಆ ನಂಬರಿನ ಹಳೇ ಪಹಣಿ ತಾಲ್ಲೂಕು ಕಚೇರಿಯಲ್ಲಿ ಸಿಗಬಹುದು, ಅದರಲ್ಲಿ ಜಾಗ ಯಾರ ಹೆಸರಲ್ಲಿತ್ತು ಅಂತ ಗೊತ್ತಾಗುತ್ತದೆ. ಸರ್ವೆ ಇಲಾಖೆಯ ಟಿಪ್ಪಣಿ ಇನ್ನೂ ಒಳ್ಳೆಯದು. ಟಿಪ್ಪಣಿ ಅಂದರೆ ಅಳತೆ ಮಾಡಿದಾಗ ಕೈಯಲ್ಲಿ ಹಾಕಿದ ಚಿತ್ರ. ಹಳೆಯದರಲ್ಲಿ ಅಳತೆ ಅಡಿಯಲ್ಲಿರಲ್ಲ, ಸರಪಳಿ ಮತ್ತು ಆಣೆಯಲ್ಲಿರುತ್ತದೆ. ಒಂದು ಸರಪಳಿ 33 ಅಡಿ, ಅದರಲ್ಲಿ 16 ಆಣೆ. ಅಂದರೆ ಒಂದು ಆಣೆ ಎರಡು ಅಡಿಗಿಂತ ಒಂದು ಕೂದಲು ಜಾಸ್ತಿ. 33 ಅಡಿ ಉದ್ದ 33 ಅಡಿ ಅಗಲ ಇದ್ದರೆ ಅದೇ ಒಂದು ಗುಂಟೆ. ಲೆಕ್ಕ ಎಷ್ಟು ಸಲೀಸು ನೋಡಿ.

ವರ್ಷಕ್ಕೆ ದಾಖಲಾತಿ ರಿಜಿಸ್ಟರ್ ನೋಡಬೇಕು. ಮುಚ್ಚಿದ ಶಾಲೆಯ ರಿಜಿಸ್ಟರ್‌ಗಳು ಸಾಮಾನ್ಯವಾಗಿ ಪಕ್ಕದ ಶಾಲೆಗೋ ಮೇಲಿನ ಕಚೇರಿಗೋ ಹೋಗಿರುತ್ತವೆ. ಒಂದು ಎಚ್ಚರ: ಎಲ್ಲ ಕಸುಬಿನ ಶಾಲೆಗಳೂ ಶಿಕ್ಷಣ ಇಲಾಖೆಯವಲ್ಲ. ಕೆಲವು ಕೈಗಾರಿಕೆ ಇಲಾಖೆಯವು, ಕೆಲವು ಖಾದಿ ಸಂಘ, ಮಿಷನ್, ಮಠಗಳವು. ನಾವು ಒಂದು ಕಚೇರಿಗೆ ಮೂರು ಸಲ ಅಲೆದ ಮೇಲೆ ಅಲ್ಲಿಯ ಗುಮಾಸ್ತರೊಬ್ಬರು "ಇದು ನಮ್ದೇ ಅಲ್ವಲ್ಲಾ" ಅಂದರು. ಮೊದಲನೇ ಸಲವೇ ಹೇಳಬಹುದಿತ್ತು. ಇರಲಿ. ಬಾಯಿಮಾತಿಗೆ ಬಗ್ಗದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಿ, 30 ದಿನದೊಳಗೆ ಉತ್ತರ ಕೊಡಬೇಕು. ಚಿಕ್ಕಬಳ್ಳಾಪುರದವರು ಕೋಲಾರದ ಕಚೇರಿಗಳಲ್ಲೂ ವಿಚಾರಿಸಿ, 2007ಕ್ಕೆ ಮುಂಚಿನ ಕಾಗದ ಅಲ್ಲೇ ಉಳಿದಿರೋ ಸಾಧ್ಯತೆ ಇದೆ.

ಮನೆಗಳಲ್ಲೂ ಹುಡುಕಿ. ಟಿಸಿ, ಸರ್ಟಿಫಿಕೇಟು, ಗುಂಪು ಫೋಟೋ. ನಮ್ಮ ಬಾಗಿಲಿನ ಜಗಳ ತೀರಿದ್ದು ಒಂದು ಫೋಟೋದಿಂದ. ಸಾಲಾಗಿ ಕೂತ ಹುಡುಗರ ಹಿಂದೆ ಬಾಗಿಲು, ಬಾಗಿಲಾಚೆ ಮುನೇಶ್ವರನ ಗುಡಿಯ ಗೋಪುರದ ತುದಿ. ಇಬ್ಬರದ್ದೂ ತಪ್ಪು. ಬಾಗಿಲು ಗುಡಿ ಕಡೆಗಿತ್ತು.

ಯಾರನ್ನು ಕೇಳಬೇಕು?

ಸರಳ ಉತ್ತರ, ಜಾಗದ ಮಾಲೀಕರನ್ನು. ಪಂಚಾಯಿತಿ ಜಾಗ ಆದರೆ ಪಂಚಾಯಿತಿ, ಪುರಸಭೆಯದ್ದಾದರೆ ಪುರಸಭೆ, ಖಾಸಗಿಯಾದರೆ ಆ ಮನುಷ್ಯ. ಒಪ್ಪಿಗೆ ಬರವಣಿಗೆಯಲ್ಲಿರಲಿ.

"ಸುಮ್ನೆ ರೋಡ್ ಪಕ್ಕ ನೆಟ್ಟುಬಿಡೋಣ" ಅನ್ನೋರು ಪ್ರತಿ ಗುಂಪಿನಲ್ಲೂ ಇರ್ತಾರೆ. ಬೇಡ. ರಸ್ತೆ, ಫುಟ್‌ಪಾತ್, ರಸ್ತೆ ಬದಿಯಂಥ ಸಾರ್ವಜನಿಕ ಜಾಗದಲ್ಲಿ ಪ್ರತಿಮೆ, ಕಟ್ಟಡ ಕಟ್ಟೋಕೆ ರಾಜ್ಯ ಸರ್ಕಾರಗಳು ಅನುಮತಿ ಕೊಡಬಾರದು ಅಂತ ಸುಪ್ರೀಂ ಕೋರ್ಟ್ 2013ರ ಜನವರಿ 18ರಂದು ಆದೇಶ ಮಾಡಿದೆ. ಅದೂ ಅಲ್ಲದೆ ರಸ್ತೆ ಅಗಲ ಮಾಡುವಾಗ ಮೊದಲು ಏಳೋದು ನಿಮ್ಮ ಕಲ್ಲೇ.

ಇನ್ನು ಪುರಾತತ್ವ ಇಲಾಖೆಯ ಮಾತು ಬರೋದು ಮುಖ್ಯವಾಗಿ ಒಂದು ಸಂದರ್ಭದಲ್ಲಿ. ಕೋಲಾರಮ್ಮನ ಗುಡಿ, ನಂದಿ ದೇವಸ್ಥಾನದಂಥ ಕೇಂದ್ರದ ಸಂರಕ್ಷಿತ ಸ್ಮಾರಕದ ಅಕ್ಕಪಕ್ಕ ನಿಮ್ಮ ಜಾಗ ಇದ್ದರೆ. ಅದರ ಗಡಿಯಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷೇಧ, ಅಲ್ಲಿಂದಾಚೆ ಇನ್ನೂ 200 ಮೀಟರ್ ಅನುಮತಿ ಪಡೆದೇ ಕಟ್ಟಬೇಕು.

ಯಾವ ಕಲ್ಲು, ಎಂಥ ಅಕ್ಷರ

ಅಡುಗೆಮನೆಯ ಕಡಪಾ ಕಲ್ಲಿನ ಮೇಲೆ ನಿಂಬೆಹಣ್ಣು ಕೊಯ್ದು ಹಾಗೇ ಬಿಟ್ಟರೆ ಬಿಳಿ ಕಲೆ ಉಳಿಯುತ್ತದಲ್ವಾ? ಕಡಪಾ ಸುಣ್ಣದ ಅಂಶದ ಕಲ್ಲು, ಹುಳಿ ಅದನ್ನು ತಿನ್ನುತ್ತದೆ. ಅಮೃತಶಿಲೆಯೂ ಅದೇ ಜಾತಿ. ಮಳೆನೀರಿನಲ್ಲೂ ಒಂದಿಷ್ಟು ಹುಳಿ ಇರುತ್ತದೆ, ಹಾಗಾಗಿ ಬಯಲಿನಲ್ಲಿ ನಿಂತ ಅಮೃತಶಿಲೆಯ ಅಕ್ಷರ ವರ್ಷ ಕಳೆದಂತೆ ಸವೆಯುತ್ತದೆ. ನಮ್ಮ ಕಡೆಯ ಗ್ರಾನೈಟಿಗೆ ಆ ಕಾಟ ಇಲ್ಲ. ಮಧುಗಿರಿ, ಪಾವಗಡ ಕಡೆ ಕಾಣೋ ಬಂಡೆಗಳಿಗೆ ಸುಮಾರು 250 ಕೋಟಿ ವರ್ಷ. ನಮ್ಮ ಶಾಲೆಯ ನೆನಪನ್ನು ಒಂದು ನೂರು ವರ್ಷ ಹೊರೋದು ಅದಕ್ಕೆ ದೊಡ್ಡದಲ್ಲ.

ಅಕ್ಷರಕ್ಕೆ ಮೂರು ದಾರಿ. ಬಣ್ಣದಲ್ಲಿ ಬರೆಸೋದು ಅಗ್ಗ, ಕೆಲವೇ ವರ್ಷಕ್ಕೆ ಮಾಯ. ಮೆಷಿನ್ನಿನಲ್ಲಿ ಮಾಡೋದಾದರೆ ಕಲ್ಲಿಗೆ ರಬ್ಬರ್ ಹಾಳೆ ಅಂಟಿಸಿ, ಅದರಲ್ಲಿ ಅಕ್ಷರದ ಆಕಾರ ಕತ್ತರಿಸಿ, ಗಾಳಿಯ ಒತ್ತಡದಲ್ಲಿ ಮರಳು ಚಿಮ್ಮಿಸ್ತಾರೆ. ಬೇಗ ಆಗುತ್ತದೆ. ಮೂರನೆಯದು ಉಳಿ, ಸುತ್ತಿಗೆ. ಕೈಯಲ್ಲಿ ಕೊರೆದ ಗೆರೆ ಇಳಿಜಾರಾಗಿ ಒಳಗೆ ಹೋಗುತ್ತದೆ, ಬಿಸಿಲು ಓರೆಯಾಗಿ ಬಿದ್ದಾಗ ಒಂದು ಬದಿಗೆ ನೆರಳು ಕೂರುತ್ತದೆ. ಬಣ್ಣ ಪೂರ್ತಿ ಹೋದರೂ ಆ ನೆರಳಿನಲ್ಲಿ ಓದಬಹುದು. ಹಳೇ ಶಾಸನ ಓದುವವರು ರಾತ್ರಿ ಟಾರ್ಚನ್ನು ಪಕ್ಕದಿಂದ ಹಿಡಿಯೋದು ಇದಕ್ಕೇ.

ಕನ್ನಡಕ್ಕೆ ಇನ್ನೊಂದು ತಾಪತ್ರಯ ಇದೆ. ನಮ್ಮಲ್ಲಿ ಒತ್ತಕ್ಷರ ಕೆಳಗೆ ಇಳಿಯುತ್ತದೆ, ಸಾಲುಗಳ ನಡುವೆ ಜಾಗ ಜಾಸ್ತಿ ಬಿಡಬೇಕು. ಅಕ್ಷರ ತೀರಾ ಚಿಕ್ಕದಾದರೆ ಒತ್ತಿನ ಹೊಟ್ಟೆ ತುಂಬಿಕೊಂಡು ಯಾವ ಒತ್ತು ಅಂತಲೇ ತಿಳಿಯಲ್ಲ. ಡಿಟಿಪಿ ಅಂಗಡಿಯಲ್ಲಿ ಹಳೇ ನುಡಿ ಫಾಂಟಿನದ್ದನ್ನು ಯೂನಿಕೋಡ್‌ಗೆ ಬದಲಾಯಿಸುವಾಗ ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಹಾರೋದೂ ಉಂಟು. ನಮಗೆ ಬಂದ ಮೊದಲ ನಮೂನೆಯಲ್ಲಿ ವೃತ್ತಿ ಶಾಲೆ ಹೋಗಿ "ವ್ರತ್ತಿ ಶಾಲೆ" ಆಗಿತ್ತು. ಕಾಗದವಾದರೆ ಇನ್ನೊಂದು ಪ್ರಿಂಟ್ ತೆಗೆಯಬಹುದು. ಕಲ್ಲಿಗೆ ಅಳಿಸೋ ರಬ್ಬರ್ ಇಲ್ಲ. ಕೊರೆಯೋಕೆ ಮುಂಚೆ ಮೂರು ಜನ ಬೇರೆಬೇರೆಯಾಗಿ ಕುಳಿತು ಓದಿ, ಅವರಲ್ಲಿ ಒಬ್ಬರು ಈ ಶಾಲೆಯ ಬಗ್ಗೆ ಏನೂ ಗೊತ್ತಿಲ್ಲದವರಾಗಿರಲಿ.

ನೆಡುವಾಗ ಸುಮಾರು ಮೂರನೇ ಒಂದು ಪಾಲು ನೆಲದೊಳಗೆ ಹೋಗಬೇಕು. ಆರು ಅಡಿ ಕಲ್ಲು ತಂದರೆ ಕಾಣೋದು ನಾಲ್ಕೇ ಅಡಿ, ಲೆಕ್ಕ ಹಾಕಿಕೊಂಡು ಬರೆಸಿ.

ಕಲ್ಲಿನ ಮೇಲೆ ಏನಿರಬೇಕು

ಯಾವುದಾದರೂ ಸಮುದಾಯ ಭವನದ ಗೋಡೆ ನೋಡಿ. ಉದ್ಘಾಟನೆ ಮಾಡಿದವರು, ಅಧ್ಯಕ್ಷತೆ ವಹಿಸಿದವರು, ಘನ ಉಪಸ್ಥಿತಿ, ಮುಖ್ಯ ಅತಿಥಿಗಳು, ಗುತ್ತಿಗೆದಾರರು. ಹದಿನಾರು ಹೆಸರು ಓದಿ ಮುಗಿಸಿದರೂ ಅದು ಯಾಕಿದೆ ಅಂತ ಗೊತ್ತಾಗಲ್ಲ. ನಮ್ಮ ಗುಂಪಿನ ಮೊದಲ ಕರಡೂ ಹಾಗೇ ಇತ್ತು. ಹನ್ನೊಂದು ಸಾಲು ಹೆಸರು, ಕೊನೆಗೆ ಒಂದು ಸಾಲು, "ಹಳೆಯ ಶಾಲೆಯ ಸವಿನೆನಪಿಗಾಗಿ".

ಹಳೇ ದಾನಶಾಸನಗಳನ್ನು ಓದಿದರೆ ನಾಚಿಕೆ ಆಗುತ್ತದೆ. ದಾನ ಕೊಟ್ಟ ಭೂಮಿಗೆ ಮೂಡಲು ಇಂಥ ಹುತ್ತ, ತೆಂಕಲು ಇಂಥ ಹಳ್ಳ, ಪಡುವಲು ಇಂಥ ಮರ, ಬಡಗಲು ಇಂಥ ಗುಂಡು ಅಂತ ನಾಲ್ಕೂ ದಿಕ್ಕಿನ ಎಲ್ಲೆ ಹೇಳ್ತಾರೆ. ಎಷ್ಟೋ ಕಡೆ ಕಂಡರಿಸಿದವನ ಹೆಸರೂ ಇರುತ್ತದೆ. ಮೇಲೆ ಸೂರ್ಯ, ಚಂದ್ರ. ಅವು ಇರೋವರೆಗೂ ಇದು ಇರಲಿ ಅಂತ. ಕಡೆಗೆ ಶಾಪ. ಇದನ್ನು ಅಳಿಸಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು, ಅಂದರೆ ಹಸುವನ್ನು, ಕೊಂದ ಪಾಪ ಬರಲಿ ಅಂತ. ಶಾಪದ ಸಾಲು ನಮಗೂ ಬೇಕು ಅಂತ ಒಬ್ಬರು ಹಟ ಹಿಡಿದಿದ್ದರು, ಮಳಿಗೆಯವರ ಮುಖ ನೋಡಿ ಕೈಬಿಟ್ಟೆವು.

ಎಲ್ಲೆಯ ಕ್ರಮವನ್ನು ಮಾತ್ರ ಸಾಲ ಪಡೆದೆವು. ಈಗಿನ ಬರಹ ಹೀಗಿದೆ:

"ಇಲ್ಲಿ ಕಸುಬಿನ ಶಾಲೆ ಇತ್ತು. ಮೂಡಲಿಗೆ ಕೆರೆಗೆ ಹೋಗುವ ದಾರಿ, ತೆಂಕಲಿಗೆ ಸಂತೆ ಮೈದಾನ, ಪಡುವಲಿಗೆ ಹುಣಸೆ ತೋಪು, ಬಡಗಲಿಗೆ ಮುನೇಶ್ವರನ ಗುಡಿ. ಬಾಗಿಲು ಗುಡಿಯ ಕಡೆಗೆ. ಮರಗೆಲಸ, ನೇಯ್ಗೆ, ಕಮ್ಮಾರಿಕೆ ಕಲಿಸುತ್ತಿದ್ದರು. ಇಲ್ಲಿ ಕಲಿತವರು ಈ ಕಲ್ಲು ನೆಟ್ಟರು."

ಇದರ ಕೆಳಗೆ ಶುರುವಾದ ವರ್ಷ, ಮುಚ್ಚಿದ ವರ್ಷ. ಮುಚ್ಚಿದ ವರ್ಷಕ್ಕೆ ಕಾಗದ ಸಿಕ್ಕಿದೆ. ಶುರುವಿನದಕ್ಕೆ ಅರ್ಜಿ ಹಾಕಿ ಕೂತಿದ್ದೇವೆ, ಅಷ್ಟು ಜಾಗ ಖಾಲಿ ಬಿಟ್ಟಿದೆ. ಹುಣಸೆ ತೋಪು ಈಗಿಲ್ಲ, ಬಿಡೋಣ್ವಾ ಅಂತ ಚರ್ಚೆ ಆಯಿತು. ಬಿಡಲಿಲ್ಲ. ಊಟದ ಬಿಡುವಿನಲ್ಲಿ ಎಲ್ಲರೂ ಹೋಗುತ್ತಿದ್ದದ್ದು ಅಲ್ಲಿಗೇ.

ಕಲ್ಲು ಈಗ ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಿದೆ, ತಲೆತಲಾಂತರದಿಂದ ಶಿಲ್ಪಿಗಳಿರೋ ಊರು ಅದು. ಹೋದ ಭಾನುವಾರ ದೊಡ್ಡಪ್ಪನನ್ನೂ ಕರೆದುಕೊಂಡು ಹೋಗಿದ್ದೆ. ಅರ್ಧ ಕೆತ್ತಿದ ನಂದಿಗಳ ನಡುವೆ ನಮ್ಮ ಕಲ್ಲು ಮಲಗಿತ್ತು, ಮೇಲೆ ಸೀಮೆಸುಣ್ಣದಲ್ಲಿ ಅಕ್ಷರ ಬರೆದಿದ್ದರು. ಕಲ್ಲಿನ ನೆತ್ತಿಯಲ್ಲಿ ಶಾಲೆಯ ಹೆಸರು, ಅದೇ "ವೃತ್ತಿ". ದೊಡ್ಡಪ್ಪ ಬಗ್ಗಿ ಒಂದೊಂದೇ ಅಕ್ಷರದ ಮೇಲೆ ಬೆರಳಾಡಿಸಿದರು. ಶಿಲ್ಪಿ ಉಳಿ ಕೆಳಗಿಟ್ಟು ಕೇಳಿದರು.

"ಇಲ್ಲಿ ವಟ್ರಸುಳಿ ತಾನೆ ಯಜಮಾನ್ರೇ?"

"ವಟ್ರಸುಳಿನೇ. ಹೊಡೀರಿ."